ಭೀಮಾ ದಂಡೆಯಿಂದ ಕೋರಿಂಗದ ಕಾಂಡ್ಲಾ ಕಾಡಿಗೆ

2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡದ ಹತ್ತಿರ ದಡ ಮುಟ್ಟಿದ ವಾಯುಭಾರ ಕುಸಿತ ಅಲ್ಲಿಗೇ ನಿಲ್ಲಲಿಲ್ಲ. ತೆಲಂಗಾಣ ದಾಟಿ ನಮ್ಮ ಕಲಬುರಗಿ ಮೇಲೂ ಸುರಿಯಿತು. ಮೇಲಿಂದ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನ ನೀರೂ ಸೇರಿ ಭೀಮಾ ಉಕ್ಕಿತು. ಅಫಜಲಪುರ ತಾಲ್ಲೂಕಿನಲ್ಲಿ ನಮ್ಮ ಕಾಕಾ ಅವರ ತೊಗರಿ ನಿಂತಲ್ಲೇ ಕೊಳೆಯಿತು. ಹೊಳೆ ಇಳಿದರೂ ತಗ್ಗಿನ ಎರೆಹೊಲದ ನೀರು ಇಳಿಯಲೇ ಇಲ್ಲ.

ಇಂಥ ಗಾಳಿ ಮಳೆಗೆ ಮೊದಲು ಎದೆ ಕೊಡುವ ಕಡಲ ದಂಡೆಯ ಕಾಡು ಹೇಗೆ ಚೇತರಿಸಿಕೊಳ್ಳುತ್ತದೆ ಅಂತ ನೋಡುವ ಆಸೆ ನನಗೆ ಅಂದಿನಿಂದ ಇತ್ತು. ಕಾಕಾ ಅವರನ್ನೂ ಕರೆದುಕೊಂಡು ಕಲಬುರಗಿಯಲ್ಲಿ ರೈಲು ಹತ್ತಿದೆ.

ಕೋರಿಂಗ ಅಭಯಾರಣ್ಯ ಆಂಧ್ರದಲ್ಲಿ ಕಾಕಿನಾಡದ ಹತ್ತಿರ, ಗೋದಾವರಿ ಸಮುದ್ರ ಸೇರುವ ಕಡೆ ಇದೆ. ವಿಸ್ತಾರ ಸುಮಾರು 235 ಚದರ ಕಿ.ಮೀ. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇಲ್ಲಿನದು. ಈ ದಂಡೆಗೆ ಚಂಡಮಾರುತ ಹೊಸದಲ್ಲ. 1839ರಲ್ಲಿ ಕೋರಿಂಗ ಬಂದರೇ ಹಾಳಾಯಿತು. 1996ರ ನವೆಂಬರ್‌ನಲ್ಲಿ ಮತ್ತೆ ದೊಡ್ಡ ಹೊಡೆತ.

ಮರದ ಹಲಗೆಯ ಕಾಲುದಾರಿಯಲ್ಲಿ ನಡೆದೆವು. ಎರಡೂ ಕಡೆ ಕೆಸರಿನಿಂದ ಪೆನ್ಸಿಲ್ ಗಾತ್ರದ ಬೇರುಗಳು ಸಾವಿರಗಟ್ಟಲೆ ಮೇಲೆದ್ದಿದ್ದವು. ಅವಿಸೀನಿಯ ಎಂಬ ಕಾಂಡ್ಲಾ ಮರ ಬೇರಿಗೆ ಗಾಳಿ ಎಳೆದುಕೊಳ್ಳುವುದು ಇವುಗಳಿಂದಲೇ. ಕಾಕಾ ಬಿದ್ದ ಎಲೆಯೊಂದನ್ನು ಎತ್ತಿ ನಾಲಿಗೆಗೆ ಮುಟ್ಟಿಸಿದರು. "ಉಪ್ಪು ಅದ ನೋಡೋ ತಮ್ಮಾ!" ಹೀರಿದ ಉಪ್ಪನ್ನು ಈ ಮರ ಎಲೆಯಿಂದ ಹೊರಹಾಕುತ್ತದೆ.

ಸ್ವಲ್ಪ ಮುಂದೆ ನಡು ಮುರಿದ ಅವಿಸೀನಿಯ ಒಂದಿತ್ತು. ಮುರಿದ ಜಾಗದ ಕೆಳಗೆ ತೊಗಟೆ ಸೀಳಿಕೊಂಡು ಗೊಂಚಲು ಗೊಂಚಲಾಗಿ ಚಿಗುರು. ಇದರ ಹಳೇ ಕಾಂಡದಲ್ಲೂ ಮಲಗಿರುವ ಮೊಗ್ಗು ಇರುತ್ತವೆ. ಊರುಗೋಲಿನಂಥ ಬೇರು ಬಿಡುವ ರೈಜೋಫೊರಾ ಎಂಬ ಇನ್ನೊಂದು ಕಾಂಡ್ಲಾ ಮರಕ್ಕೆ ಆ ಅನುಕೂಲ ಇಲ್ಲ. ದಪ್ಪ ಕೊಂಬೆಗಳೆಲ್ಲ ಮುರಿದರೆ ಮರ ಹೋದಂತೆಯೇ. ತಾಯಿಮರದಲ್ಲೇ ಮೊಳೆತು ಕೆಸರಿಗೆ ಬೀಳುವ ಸಸಿಗಳು ಬೆಳೆದು ಆ ಜಾಗ ತುಂಬಬೇಕು.

ಗಾಳಿ ಮುರಿದದ್ದಕ್ಕಿಂತ ಆಮೇಲೆ ನಿಂತ ನೀರಿನ ಕಾಟವೇ ಎಷ್ಟೋ ಕಡೆ ಜಾಸ್ತಿ. ಚಂಡಮಾರುತ ತಂದು ಸುರಿಯುವ ಮಣ್ಣು ತೆಳ್ಳಗಿದ್ದರೆ ಗೊಬ್ಬರ, ರಂಜಕವೂ (ಫಾಸ್ಫರಸ್) ಸಿಗುತ್ತದೆ. ದಪ್ಪಗಿದ್ದರೆ ಬೇರಿಗೆ ಉಸಿರು ಕಟ್ಟುತ್ತದೆ. 2017ರಲ್ಲಿ ಇರ್ಮಾ ಚಂಡಮಾರುತದ ನಂತರ ಫ್ಲಾರಿಡಾದಲ್ಲಿ 10,000 ಹೆಕ್ಟೇರ್‌ಗೂ ಜಾಸ್ತಿ ಕಾಂಡ್ಲಾ ಒಣಗಿತು. ಒಳಗೆ ನುಗ್ಗಿದ ನೀರಿಗೆ ಹೊರಹೋಗಲು ದಾರಿ ಇಲ್ಲದ ತಗ್ಗುಗಳಲ್ಲೇ ಹಾನಿ ಹೆಚ್ಚು. ಇದನ್ನು ಹೇಳುತ್ತಿದ್ದಂತೆ ಕಾಕಾ ನಿಂತುಬಿಟ್ಟರು. "ನಮ್ಮ ತೊಗರಿದು ಭೀ ಇದೇ ಕತಿ ಅಲ್ಲೇನು?"

ಈ ಗೋದಾವರಿ ಬಾಯಲ್ಲಿ ಕಾಂಡ್ಲಾ ಹಾಳಾಗಿದ್ದ ಕಡೆ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ಅರಣ್ಯ ಇಲಾಖೆ, ಊರಿನವರ ಜೊತೆ ಸೇರಿ ಮೀನಿನ ಮುಳ್ಳಿನ ಆಕಾರದ ಕಾಲುವೆ ತೋಡಿದರು. ಭರತದ ನೀರು ಒಳಗೆ ಬಂದು ಇಳಿತದಲ್ಲಿ ವಾಪಸ್ ಹೋಗಲಿ ಅಂತ. ಸಸಿ ನೆಟ್ಟದ್ದು ಆಮೇಲೆ. ನನಗಂತೂ ಇದೇ ಸರಿಯಾದ ಕ್ರಮ ಅನಿಸುತ್ತದೆ. ನೀರಿಗೆ ದಾರಿ ಇದ್ದರೆ ಎಷ್ಟೋ ಕಡೆ ತೇಲಿ ಬಂದ ಬೀಜಗಳೇ ಬೇರು ಬಿಡುತ್ತವೆ, ನೆಡುವ ಕೆಲಸವೂ ಇಲ್ಲ.

ಕಾಕಾ ಅವರಿಗೆ ಆ ಕಾಲುವೆ ಮಾತು ತಲೆಗೆ ಹೊಕ್ಕಿತು. ಬರುವಾಗ ರೈಲಿನಲ್ಲಿ ಅದೇ ಲೆಕ್ಕಾಚಾರ: ತಗ್ಗಿನ ಹೊಲಕ್ಕೆ ಬಸಿಗಾಲುವೆ ಹೊಡೆಯಬೇಕು, ಅದು ಹಳ್ಳ ಮುಟ್ಟಬೇಕಾದರೆ ಪಕ್ಕದ ಹೊಲದವರು ಒಪ್ಪಬೇಕು.

ನೀವು ಹೋಗುವುದಾದರೆ ಭರತ–ಇಳಿತದ ಹೊತ್ತು ಕೇಳಿಕೊಂಡು ಹೋಗಿ. ದೋಣಿ ಹೋಗಲು ನೀರು ಏರಿರಬೇಕು. ಬೇರು, ಸಸಿ ನೋಡಬೇಕೆಂದರೆ ನೀರು ಇಳಿಯುವವರೆಗೆ ಕಾಯಬೇಕು.