ಎಲೆಯ ಮೇಲಿನ ಸೀಸ, ಎಲೆಯೊಳಗಿನ ಕ್ಯಾಡ್ಮಿಯಂ

ಬೆಂಗಳೂರಿನ ಸುತ್ತಲಿನ ಕೆರೆಯಂಗಳ, ಕಾರ್ಖಾನೆಗಳ ಹಿಂಬದಿ, ಹೆದ್ದಾರಿಯ ಅಂಚು ಇಲ್ಲೆಲ್ಲ ತಾನಾಗಿ ಬೆಳೆದ ಎಕ್ಕ, ತುಂಬೆ, ಹರಳು, ಲಂಟಾನಗಳ ಎಲೆಯಲ್ಲಿ ಭಾರಲೋಹ ಎಷ್ಟಿದೆ ಎಂದು ಅಳೆಯುವುದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಮಾದರಿ ತರುವವರು ಸಾಮಾನ್ಯವಾಗಿ ಹಳದಿಯಾದ ಎಲೆಯನ್ನೇ ಆರಿಸಿ ತಂದು, "ನೋಡಿ ಸರ್, ಎಷ್ಟು ವಿಷ ಏರಿದೆ" ಎನ್ನುತ್ತಾರೆ. ಆ ಬಣ್ಣವನ್ನು ನಾನು ಸಾಕ್ಷಿ ಎಂದು ಒಪ್ಪುವುದಿಲ್ಲ.

ಲೋಹದಿಂದ ಎಲೆ ಹಳದಿಯಾಗುವುದು ಸುಳ್ಳಲ್ಲ. ಮಣ್ಣಿನಲ್ಲಿ ಸತು, ನಿಕ್ಕಲ್, ಕ್ಯಾಡ್ಮಿಯಂ ಮಿತಿಮೀರಿದರೆ ಗಿಡಕ್ಕೆ ಕಬ್ಬಿಣ ದಕ್ಕದೆ ಹೋಗುತ್ತದೆ; ಎಳೆಯ ಎಲೆಗಳಲ್ಲಿ ನರಗಳು ಮಾತ್ರ ಹಸಿರಾಗಿ ಉಳಿದು ನಡುವಿನ ಭಾಗ ಬಿಳಿಚಿಕೊಳ್ಳುತ್ತದೆ. ಪತ್ರಹರಿತ್ತಿನ ಅಣುವಿನ ನಡುವೆ ಇರಬೇಕಾದ ಮೆಗ್ನೀಸಿಯಂ ಅನ್ನು ಹೊರದಬ್ಬಿ ತಾಮ್ರ, ಕ್ಯಾಡ್ಮಿಯಂನಂಥವು ಅದರ ಜಾಗ ಹಿಡಿಯುವುದೂ ಉಂಟು. ಆದರೆ ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲೂ ಕಬ್ಬಿಣ ಸಿಗದೆ ಇದೇ ಲಕ್ಷಣ ಕಾಣಿಸುತ್ತದೆ. ಬೇರಿನಲ್ಲಿ ನೀರು ನಿಂತರೂ ಎಲೆ ಹಳದಿ, ಸಾರಜನಕ ಸಾಲದಿದ್ದರೂ ಹಳದಿ. ಇನ್ನೊಂದೆಡೆ, ಒಡಲ ತುಂಬ ಲೋಹ ಇಟ್ಟುಕೊಂಡೂ ಹಚ್ಚಹಸಿರಾಗಿರುವ ಗಿಡಗಳಿವೆ. ನ್ಯೂ ಕ್ಯಾಲಿಡೋನಿಯಾದ ಕಾಡಿನಲ್ಲಿ ಒಂದು ಮರವಿದೆ. ಅದರ ತೊಗಟೆ ಗೀರಿದರೆ ಬರುವ ಹಾಲು ನೀಲಿ ಹಸಿರು, ಒಣಗಿಸಿ ತೂಗಿದರೆ ಸುಮಾರು ಕಾಲುಭಾಗ ನಿಕ್ಕಲ್! ಮರಕ್ಕೆ ಏನೂ ಆಗಿರುವುದಿಲ್ಲ.

ಬಣ್ಣಕ್ಕಿಂತ ದೊಡ್ಡ ತೊಡಕು ದೂಳಿನದು. ಬೇರು ಹೀರಿದ ಸೀಸದ ಬಹುಪಾಲು ಬೇರಿನಲ್ಲೇ ಉಳಿಯುತ್ತದೆ, ಎಲೆಯವರೆಗೆ ಏರುವುದು ಅಲ್ಪ. ಕ್ರೋಮಿಯಂ ಕೂಡ ಹಾಗೆಯೇ. ಕ್ಯಾಡ್ಮಿಯಂ, ಸತುಗಳಾದರೆ ಸಲೀಸಾಗಿ ಮೇಲೇರುತ್ತವೆ. ಆದ್ದರಿಂದ ರಸ್ತೆಬದಿಯ ಎಕ್ಕದ ಎಲೆಯಲ್ಲಿ ಸೀಸ ಹೆಚ್ಚು ಬಂದರೆ ನನ್ನ ಮೊದಲ ಅನುಮಾನ ದೂಳಿನ ಮೇಲೆ. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ರಲ್ಲಿ. ಮಣ್ಣಿಗೆ ಸೇರಿದ ಹಳೆಯ ಸೀಸ ಮಾತ್ರ ಅಷ್ಟು ಬೇಗ ಕರಗಿಹೋಗುವಂಥದ್ದಲ್ಲ, ವಾಹನ ಹೋದಂತೆಲ್ಲ ದೂಳಾಗಿ ಏಳುತ್ತದೆ. ಟೈರು ಸವೆದು ಸತು, ಬ್ರೇಕು ಸವೆದು ತಾಮ್ರ ಅದಕ್ಕೆ ಸೇರುತ್ತವೆ. ಎಕ್ಕದ ಎಲೆ ಅಗಲ, ಮೇಲೆ ಬೂದಿ ಬಳಿದಂತೆ ನವಿರು, ಬಿದ್ದದ್ದನ್ನೆಲ್ಲ ಹಿಡಿದಿಡುತ್ತದೆ.

ಹಾಗಾಗಿ ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡುತ್ತೇನೆ. ಒಂದನ್ನು ತೊಳೆಯುವುದಿಲ್ಲ, ಇನ್ನೊಂದನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಬೇಗನೆ ತೊಳೆದು ತೆಗೆಯುತ್ತೇನೆ. ನೆನೆಹಾಕಿದರೆ ಎಲೆಯೊಳಗಿನ ಲವಣಗಳೂ ನೀರಿಗೆ ಇಳಿಯುತ್ತವೆ. ಒಂದೇ ವಯಸ್ಸಿನ ಎಲೆಗಳಾಗಿರಬೇಕು, ಗಿಡದ ಬುಡದ ಮಣ್ಣೂ ಜೊತೆಗೆ ಬರಬೇಕು. ಎಕ್ಕ ಕೀಳುವಾಗ ಕನ್ನಡಕ ಹಾಕಿಕೊಳ್ಳಿ ಎಂದು ಹೊಸಬರಿಗೆ ಬೈದೇ ಹೇಳುತ್ತೇನೆ, ಅದರ ಹಾಲು ಕಣ್ಣಿಗೆ ಸಿಡಿದರೆ ಅಪಾಯ. ಒಣಗಿದ ಎಲೆಯನ್ನು ಸ್ಟೀಲ್ ಮಿಕ್ಸಿಗೆ ಹಾಕಲು ಬಿಡುವುದಿಲ್ಲ: ಬ್ಲೇಡಿನಿಂದಲೇ ಕ್ರೋಮಿಯಂ, ನಿಕ್ಕಲ್ ಸೇರಿಕೊಳ್ಳುತ್ತವೆ. ಅಗೇಟ್ ಕಲ್ಲಿನ ಖಲ್ಲಿನಲ್ಲಿ ಅರೆಯಬೇಕು, ಕೈ ನೋಯುತ್ತದೆ, ನೋಯಲಿ.

ವರದಿಯಲ್ಲಿ ಎರಡು ಸಂಖ್ಯೆ ಕಂಡವರು "ಯಾವುದು ಸರಿ?" ಎಂದು ಕೇಳುತ್ತಾರೆ. ಯಾರಿಗೆ ಎಂಬುದರ ಮೇಲೆ ಅದು ನಿಂತಿದೆ. ಮೇಕೆ ಸೊಪ್ಪನ್ನು ತೊಳೆದು ತಿನ್ನುವುದಿಲ್ಲ, ಅದಕ್ಕೆ ತೊಳೆಯದ ಎಲೆಯ ಲೆಕ್ಕವೇ ಲೆಕ್ಕ. ಗಿಡಕ್ಕೆ ಏನಾಗಿದೆ ಎಂದು ತಿಳಿಯಲು ತೊಳೆದ ಎಲೆಯನ್ನು ನೋಡಬೇಕು. ಕೆರೆಯಂಚಿನ ಹೊನಗೊನ್ನೆ ಸೊಪ್ಪು ಕಿತ್ತು ಸಾರು ಮಾಡುವವರಿಗೂ ಅದೇ ಸಂಖ್ಯೆ. ದೂಳಿನ ಸೀಸವನ್ನು ಅವರು ಮನೆಯಲ್ಲಿ ತಕ್ಕಮಟ್ಟಿಗೆ ತೊಳೆದುಕೊಳ್ಳಬಹುದು, ಒಳಗೆ ಸೇರಿದ ಕ್ಯಾಡ್ಮಿಯಂ ಯಾವ ನೀರಿಗೂ ಹೋಗುವುದಿಲ್ಲ.