ಸಿವಿ ಜಾಯಿಂಟ್ ಕೆಲಸ: ಎಡಗಡೆ ಮುಗಿಯಿತು, ಬಲಗಡೆ ಬಾಕಿ

ಎಡಗಡೆಯ ಹಳೇ ಡ್ರೈವ್ ಆಕ್ಸಲ್, ಅಂದರೆ ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ತಿರುಗುವ ಬಲ ಒಯ್ಯುವ ಶಾಫ್ಟ್, ಹೊರಗೆ ಬಂತು, ಹೊಸದು ಕೂತಿದೆ. ಅದರ ಎರಡು ತುದಿಯಲ್ಲೂ ಇರುವ, ಬಾಗಿದರೂ ಸಮವೇಗದಲ್ಲಿ ತಿರುಗುವ ಕೀಲೇ ಸಿವಿ ಜಾಯಿಂಟ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ಕಾರು ಓಡಿಸಿದಾಗ ಬರುತ್ತಿದ್ದ ಕಟಕಟ ಸದ್ದು ಈಗ ಇಲ್ಲವೇ ಇಲ್ಲ. ತುಂಬಾ ಖುಷಿಯಾಯಿತು.

ತೆಗೆದ ಆಕ್ಸಲ್‌ನ ಹೊರ ಜಾಯಿಂಟ್ ಬಿಚ್ಚಿ ನೋಡಿದೆ. ಒಳಗೆ ಆರು ಉಕ್ಕಿನ ಗುಂಡು, ಅವನ್ನು ಹಿಡಿದಿಡುವ ಕೇಜ್, ಗುಂಡು ಓಡಾಡೋಕೆ ಬಾಗಿದ ಜಾಡುಗಳು. ಆಲ್ಫ್ರೆಡ್ ರ್ಜೆಪ್ಪಾ 1920ರ ದಶಕದಲ್ಲಿ ರೂಪಿಸಿದ ಜಾಯಿಂಟ್ ಇದು, ಇವತ್ತಿಗೂ ಮೂಲ ಉಪಾಯ ಅದೇ. ಎರಡು ಶಾಫ್ಟ್‌ಗಳ ನಡುವೆ ಕೋನ ಎಷ್ಟೇ ಬದಲಾಗಲಿ, ಗುಂಡುಗಳು ಮಾತ್ರ ಆ ಕೋನದ ಸರಿಯಾಗಿ ಅರ್ಧದಲ್ಲೇ ನಿಲ್ಲುತ್ತವೆ, ಅದಕ್ಕೇ ಶಾಫ್ಟ್ ತಿರುಗಿದಷ್ಟೇ ಸಮವಾಗಿ ಚಕ್ರವೂ ತಿರುಗುತ್ತದೆ. ಅಡ್ಡಪಟ್ಟಿ (ಕ್ರಾಸ್) ಆಕಾರದ ಕೊಂಡಿಯಿರುವ ಸಾದಾ ಯೂನಿವರ್ಸಲ್ ಜಾಯಿಂಟ್ ಒಂದೇ ಇದ್ದಿದ್ದರೆ ಬಾಗಿದಾಗ ಒಂದೊಂದು ಸುತ್ತಿಗೂ ಎರಡು ಸಲ ವೇಗ ಏರಿ ಇಳಿಯುತ್ತಿತ್ತು. ಇಷ್ಟು ಚಿಕ್ಕ ಜಾಗದಲ್ಲಿ ಇದನ್ನು ಮಾಡಿದ್ದಾರಲ್ಲ, ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದಾಗಲೇ ಅದರ ಸೊಗಸು ಗೊತ್ತಾಗೋದು.

ನನ್ನ ಜಾಯಿಂಟ್‌ನ ಜಾಡುಗಳಲ್ಲಿ ಗುಳಿ ಬಿದ್ದಿತ್ತು. ಸದ್ದು ಅಲ್ಲಿಂದಲೇ. ಆದರೆ ಶುರುವಾಗಿದ್ದು ಜಾಯಿಂಟ್ ಮುಚ್ಚಿ ಗ್ರೀಸ್ ಒಳಗಿಡುವ ರಬ್ಬರ್ ಬೂಟ್‌ನಿಂದ: ಅದರ ಮಡಿಕೆ ಹರಿದು, ಗ್ರೀಸೆಲ್ಲ ಚಕ್ರದ ಒಳಮೈಗೆ ಸಿಡಿದು, ಆ ಜಾಗಕ್ಕೆ ನೀರು, ಮರಳು ಹೊಕ್ಕಿತ್ತು. ಬೂಟ್ ಗಟ್ಟಿಯಾಗಿದ್ದರೆ ಈ ಜಾಯಿಂಟ್ ಎಷ್ಟೋ ಕಾಲ ಬಾಳುತ್ತದೆ. ಒಳ ಜಾಯಿಂಟ್ ಚೆನ್ನಾಗೇ ಇತ್ತು. ಅದು ಮೂರು ರೋಲರ್‌ಗಳ ಟ್ರೈಪಾಡ್, ಸಸ್ಪೆನ್ಷನ್ ಮೇಲೆ ಕೆಳಗೆ ಆಡಿದಾಗ ಒಳಗೆ ಹೊರಗೆ ಜಾರುವಂಥದ್ದು. ಅದು ಸವೆದಿದ್ದರೆ ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಗಾಡಿ ನಡುಗುತ್ತದೆ.

ಆಕ್ಸಲ್ ನಟ್ ಅನ್ನು ಚಕ್ರ ನೆಲದ ಮೇಲಿದ್ದಾಗಲೇ, ಬ್ರೇಕ್ ಒತ್ತಿಸಿ ಸಡಿಲ ಮಾಡಿದೆ. ಆಮೇಲೆ ಜ್ಯಾಕ್, ಸ್ಟ್ಯಾಂಡ್. ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ ಹಬ್ ಅನ್ನು (ಚಕ್ರ ಕೂರುವ ಭಾಗ) ಪಕ್ಕಕ್ಕೆ ಸರಿಸಿದರೆ ಹೊರ ತುದಿ ಬಿಡಿಸಿಕೊಳ್ಳುತ್ತದೆ. ಗೇರ್‌ಬಾಕ್ಸ್ ಕಡೆ ಒಳ ಜಾಯಿಂಟ್‌ನ ಕಪ್‌ಗೇ ಬಾರ್ ಕೊಟ್ಟು ಮೀಟಬೇಕು. ಸುಮ್ನೆ ಶಾಫ್ಟ್ ಹಿಡಿದು ಎಳೆದರೆ ಆ ತುದಿಯನ್ನು ಗೇರ್‌ಬಾಕ್ಸ್ ಒಳಗೆ ಹಿಡಿದಿಡುವ ತಂತಿಯುಂಗುರ, ಸರ್ಕ್ಲಿಪ್, ಬಿಡೋದಿಲ್ಲ, ಟ್ರೈಪಾಡ್ ಮಾತ್ರ ಕಳಚಿಕೊಳ್ಳುತ್ತದೆ. ಕೆಳಗೆ ತಟ್ಟೆ ಇಟ್ಟಿದ್ದೆ, ಗೇರ್ ಆಯಿಲ್ ಸೋರುತ್ತದಲ್ವಾ. ಆಯಿಲ್ ಸೀಲ್ ಕೂಡ ಹೊಸದು ಹಾಕಿದೆ. ನಟ್ ಹಳೇದು ಮತ್ತೆ ಹಾಕಲಿಲ್ಲ. ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡುವವರೆಗೂ ಗಾಡಿ ಉರುಳಿಸಲಿಲ್ಲ, ಯಾಕಂದ್ರೆ ವೀಲ್ ಬೇರಿಂಗ್ ಹಿಡಿದು ನಿಂತಿರೋದು ಅದೇ ನಟ್ ಮೇಲೆ. ಕೊನೆಗೆ ಗೇರ್ ಆಯಿಲ್ ಮಟ್ಟ ನೋಡಿ, ಕಮ್ಮಿಯಾದಷ್ಟು ತುಂಬಿದೆ.

ಬಲಗಡೆ ಬೂಟ್‌ನ ಮಡಿಕೆಯಲ್ಲಿ ಸಣ್ಣ ಬಿರುಕು ಕಂಡಿದೆ. ಗ್ರೀಸ್ ಇನ್ನೂ ಹೊರಗೆ ಬಂದಿಲ್ಲ, ಸದ್ದೂ ಇಲ್ಲ. ಹಾಗಾಗಿ ಅಲ್ಲಿ ಇಡೀ ಆಕ್ಸಲ್ ಬೇಡ, ಬೂಟ್, ಕ್ಲಾಂಪ್, ಮಾಲಿಬ್ಡಿನಮ್ ಗ್ರೀಸ್ ಇರುವ ಕಿಟ್ ಸಾಕು. ಜಾಯಿಂಟ್ ತೊಳೆದು ಜಾಡುಗಳನ್ನು ಬೆರಳಲ್ಲಿ ಸವರಿ ನೋಡುತ್ತೇನೆ, ಉಗುರಿಗೆ ಗುಳಿ ಸಿಕ್ಕಿದರೆ ಮಾತ್ರ ಪೂರ್ತಿ ಬದಲಾಯಿಸೋದು.