‘ಕಾರ್ಬ್ಸ್ ಪೂರ್ತಿ ಬಿಟ್ಟುಬಿಡ್ಲಾ?’

ಜನರಿಗೆ ಆಹಾರದ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಹಾಗಾಗಿ ಎಲ್ಲಿ ಹೋದರೂ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ತೂಕ ಇಳಿಸಬೇಕು, ಕಾರ್ಬ್ಸ್ ಪೂರ್ತಿ ಬಿಟ್ಟುಬಿಡ್ಲಾ?” ಕಾರ್ಬ್ಸ್ ಅಂದರೆ ಕಾರ್ಬೋಹೈಡ್ರೇಟ್, ನಮ್ಮ ಊಟದಲ್ಲಿರುವ ಪಿಷ್ಟ, ಸಕ್ಕರೆ, ನಾರು. ಇಷ್ಟು ದಿನ ನಗುನಗುತ್ತಾ ವಿವರಿಸಿದ್ದೇನೆ. ಇನ್ನು ಸಾಕು. ಬಿಡಬೇಡಿ. ಯಾವುದನ್ನು, ಯಾವ ರೂಪದಲ್ಲಿ, ಎಷ್ಟು ತಿನ್ನುತ್ತೀರಿ ಅಂತ ನೋಡಿಕೊಳ್ಳಿ.

ಬೇಯಿಸಿದ ಕಾಳು, ಸಕ್ಕರೆ ಹಾಕಿದ ತಂಪು ಪಾನೀಯ, ಸಿಪ್ಪೆ ಸಮೇತ ತಿನ್ನುವ ಹಣ್ಣು, ಮೈದಾ ಬಿಸ್ಕತ್ತು. ಎಲ್ಲದರಲ್ಲೂ ಕಾರ್ಬ್ಸ್ ಇದೆ. ಇಷ್ಟನ್ನೂ ಒಂದೇ ಗಂಟು ಕಟ್ಟಿ “ಬಿಡ್ಲಾ?” ಅಂದರೆ ನಾನು ಏನು ಹೇಳಲಿ? ಕೆಲವರಿಗಂತೂ ಉತ್ತರ ಬೇಕಾಗಿಯೇ ಇಲ್ಲ. ಆಗಲೇ ನಿರ್ಧಾರ ಮಾಡಿರುತ್ತಾರೆ, ನನ್ನಿಂದ ಒಂದು ‘ಹೂಂ’ ಸಿಕ್ಕರೆ ಸಾಕು. ಒಂದು ಗ್ರಾಂ ಕಾರ್ಬ್ಸ್‌ನಲ್ಲಿ 4 ಕ್ಯಾಲೊರಿ, ಪ್ರೋಟೀನ್‌ನಲ್ಲೂ 4, ಕೊಬ್ಬಿನಲ್ಲಿ 9. ಆದರೂ ಅಪವಾದ ಮಾತ್ರ ಕಾರ್ಬ್ಸ್ ಮೇಲೆ.

ನನಗೆ ಈ ವಿಷಯದಲ್ಲಿ ಇಷ್ಟು ಸಿಟ್ಟು ಬರುವುದಕ್ಕೆ ಒಬ್ಬ ಹೆಂಗಸು ಕಾರಣ. ಅನ್ನ, ಬ್ರೆಡ್, ಹಣ್ಣು ಎಲ್ಲವನ್ನೂ ಬಿಟ್ಟಿದ್ದರು. ಮೊದಲ ವಾರ ತೂಕ ಸರ್ರನೆ ಇಳಿದಿತ್ತು. ಆಮೇಲೆ ಒಂದು ದಿನ ಹೊಟ್ಟೆ ತುಂಬಾ ಊಟ ಮಾಡಿದರು, ಮಾರನೇ ದಿನ ಮುಳ್ಳು ಮೇಲಕ್ಕೆ ಹೋಯಿತು. “ನನಗೆ ಮನಸ್ಸು ಗಟ್ಟಿ ಇಲ್ಲ ಮೇಡಂ” ಅಂತ ನನ್ನ ಎದುರು ಕೂತು ಅತ್ತರು.

ಅವರ ಮನಸ್ಸಿಗೆ ಏನೂ ಆಗಿರಲಿಲ್ಲ. ನಾವು ತಿಂದ ಕಾರ್ಬ್ಸ್‌ನಲ್ಲಿ ಸ್ವಲ್ಪವನ್ನು ದೇಹ ಗ್ಲೈಕೋಜನ್ ಆಗಿ ಕೂಡಿಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಅದರ ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು ಇರುತ್ತದೆ. ಕಾರ್ಬ್ಸ್ ನಿಲ್ಲಿಸಿದರೆ ಈ ದಾಸ್ತಾನು ಕರಗುತ್ತದೆ, ನೀರೂ ಹೋಗುತ್ತದೆ. ಮತ್ತೆ ತಿಂದರೆ ಎರಡೂ ವಾಪಸ್ ಬರುತ್ತವೆ. ಒಂದು ಊಟದಿಂದ ರಾತ್ರೋರಾತ್ರಿ ಕಿಲೋಗಟ್ಟಲೆ ಕೊಬ್ಬು ಬರುವುದಿಲ್ಲ. ಇಷ್ಟು ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ! ‘ಬಿಡಿ’ ಅಂತ ಹೇಳುವವರು ಮಾತ್ರ ಬೇಕಾದಷ್ಟು ಜನ ಇದ್ದರು.

ಕಾರ್ಬ್ಸ್ ಕಡಿಮೆ ಮಾಡಿ ತೂಕ ಇಳಿಸಿದವರು ಇಲ್ಲವೇ ಅಂದರೆ, ಇದ್ದಾರೆ. ಕೊಬ್ಬು ಕಡಿಮೆ ಮಾಡಿ ಇಳಿಸಿದವರೂ ಇದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದ ಅಧ್ಯಯನ 2018ರಲ್ಲಿ ಬಂತು. ಕೊಬ್ಬು ಕಡಿಮೆ ತಿಂದವರು ಸರಾಸರಿ 5.3 ಕಿಲೋ ಇಳಿದರು, ಕಾರ್ಬ್ಸ್ ಕಡಿಮೆ ತಿಂದವರು 6 ಕಿಲೋ. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಎರಡೂ ಗುಂಪಿಗೆ ಸಕ್ಕರೆ, ಮೈದಾ ಆದಷ್ಟು ಕಡಿಮೆ ಮಾಡಿ, ತರಕಾರಿ ಜಾಸ್ತಿ ತಿನ್ನಿ ಅಂತಲೇ ಹೇಳಿದ್ದರು.

“ಊಟ ಆಗಿ ಎರಡು ಗಂಟೆಯಲ್ಲೇ ಮತ್ತೆ ಯಾಕೆ ಹಸಿವಾಗುತ್ತೆ?” ಅಂತ ಯಾರಾದರೂ ಕೇಳಬಾರದಾ? ಆ ಪ್ರಶ್ನೆಗೆ ನಾನು ಎಷ್ಟು ಹೊತ್ತು ಬೇಕಾದರೂ ಕೂತು ಉತ್ತರ ಹೇಳುತ್ತೇನೆ.

1977ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಕೆಲವರಿಗೆ ಸೇಬನ್ನು ಇಡಿಯಾಗಿ, ಅರೆದು, ಜ್ಯೂಸ್ ಮಾಡಿ, ಹೀಗೆ ಮೂರು ರೂಪದಲ್ಲಿ ಕೊಟ್ಟರು. ಕಾರ್ಬ್ಸ್ ಮೂರರಲ್ಲೂ ಅಷ್ಟೇ. ಜ್ಯೂಸ್ ಕುಡಿಯುವುದಕ್ಕೆ ಹಿಡಿದ ಸಮಯ ಇಡೀ ಹಣ್ಣು ತಿನ್ನುವ ಸಮಯದ ಹನ್ನೊಂದರಲ್ಲಿ ಒಂದು ಭಾಗ. ಹೊಟ್ಟೆ ತುಂಬಿದ ಹಾಗೆ ಅನಿಸಿದ್ದು ಇಡೀ ಹಣ್ಣಿನಿಂದ, ಜ್ಯೂಸ್‌ನಿಂದ ಎಲ್ಲಕ್ಕಿಂತ ಕಡಿಮೆ. ಜ್ಯೂಸ್ ಕುಡಿದ ಮೇಲೆ ರಕ್ತದ ಸಕ್ಕರೆ ಇಳಿಸುವ ಹಾರ್ಮೋನು ಇನ್ಸುಲಿನ್ ಜಾಸ್ತಿ ಏರಿತು, ಆಮೇಲೆ ರಕ್ತದ ಸಕ್ಕರೆ ಧಪ್ಪನೆ ಇಳಿಯಿತು. ಹಣ್ಣು ಅದೇ, ನಾರು ಹೋಗಿತ್ತು, ಅಗಿಯುವ ಕೆಲಸವೂ ಇರಲಿಲ್ಲ. ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಆದ್ದರಿಂದ ಹಣ್ಣನ್ನು ಅಗಿದು ತಿನ್ನಿ. ತವುಡು ತೆಗೆಯದ ಧಾನ್ಯ, ಕಾಳು, ತರಕಾರಿ ತಟ್ಟೆಯಲ್ಲಿ ಇರಲಿ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನ್ನ ಬಿಡಬೇಕಾಗಿಲ್ಲ. ಸ್ವಲ್ಪ ಕಡಿಮೆ ಬಡಿಸಿಕೊಂಡು, ಆ ಜಾಗಕ್ಕೆ ತರಕಾರಿ, ಕಾಳು ಹಾಕಿಕೊಳ್ಳಿ. ಕಡಿಮೆ ಮಾಡುವುದನ್ನು ಸಕ್ಕರೆ ಹಾಕಿದ ಪಾನೀಯದಿಂದ ಶುರು ಮಾಡಿ, ಅಲ್ಲಿ ನಾನು ಮುಲಾಜು ನೋಡಲ್ಲ. ಗಂಟೆಗಟ್ಟಲೆ ಓಡುವವರು, ಸೈಕಲ್ ತುಳಿಯುವವರ ಲೆಕ್ಕ ಬೇರೆ. ನಡುವೆ ಬೇಗ ಜೀರ್ಣವಾಗುವ ಸಕ್ಕರೆ ಅವರಿಗೆ ಬೇಕಾಗುತ್ತದೆ.

ಡಯಾಬಿಟಿಸ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ದಯವಿಟ್ಟು ಇದನ್ನು ಓದಿ ನಾಳೆಯಿಂದಲೇ ಊಟ ಬದಲಾಯಿಸಬೇಡಿ. ಔಷಧಿ ಅಷ್ಟೇ ಇದ್ದು ಕಾರ್ಬ್ಸ್ ಇದ್ದಕ್ಕಿದ್ದಂತೆ ಕಡಿಮೆಯಾದರೆ, ಕೆಲವು ಔಷಧಿಗಳಲ್ಲಿ ಸಕ್ಕರೆ ತೀರಾ ಕೆಳಗೆ ಹೋಗಿ ತಲೆ ಸುತ್ತಿ ಬೀಳಬಹುದು. ಮೊದಲು ಡಾಕ್ಟರ ಹತ್ತಿರ ಮಾತಾಡಿ, ಔಷಧಿ ಎಷ್ಟು ಅಂತ ಅವರು ತೀರ್ಮಾನಿಸಲಿ.